ಗುಡಿಗೂ ಮುಡಿಗೂ ಬೇಡದ ಹೂ

ನಮ್ಮವ್ವ ಉಪಯೋಗವಿಲ್ಲದ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಅಕ್ಕಿ ತೊಳೆದ ನೀರು ಕರಿಬೇವಿನ ಬುಡಕ್ಕೆ ಹೋಗಬೇಕು, ಹಳೇ ಸೀರೆ ಕೌದಿಯಾಗಬೇಕು, ಕೌದಿ ಹರಿದರೆ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯಾಗಬೇಕು. ಮನೆಗೆ ಬಂದ ನೆಂಟರನ್ನೂ ಸುಮ್ಮನೆ ಬಿಟ್ಟವಳಲ್ಲ. "ಹೆಂಗೂ ಆ ಕಡೆ ಹೊಂಟೀರಲ್ಲ" ಎಂದು ಯಾರಿಗೋ ಮುಟ್ಟಿಸಬೇಕಾದ ಚೀಲವೊಂದನ್ನು ಹೊರಿಸಿಯೇ ಬಸ್ಸು ಹತ್ತಿಸುತ್ತಿದ್ದಳು. ಅಂಥ ಹೆಂಗಸು ಹಿರಿಯೂರಿನ ಮನೆಯ ಮುಂದೆ ವರ್ಷಗಟ್ಟಲೆ ಸಾಕಿದ್ದು ಏನನ್ನು ಅಂತೀರಿ? ಒಂದು ಕಾಗದದ ಹೂವಿನ ಗಿಡವನ್ನು.

ನರ್ಸರಿಯವರು ಅದಕ್ಕೆ ಬೋಗನ್‌ವಿಲ್ಲಾ ಅನ್ನುತ್ತಾರೆ. ನಮಗೆ ಕಾಗದದ ಹೂ. ಮುಟ್ಟಿದರೆ ಗಾಳಿಪಟದ ಕಾಗದದ ಹಾಗೆ ಸರಸರ ಅನ್ನುತ್ತದೆ. ವಾಸನೆ ಇಲ್ಲ. ದೇವರಿಗೆ ಏರಿಸುವುದಿಲ್ಲ, ಜಡೆಗೆ ಮುಡಿಯುವುದಿಲ್ಲ, ಮದುವೆ ಚಪ್ಪರಕ್ಕೂ ಯಾರೂ ಕೇಳುವುದಿಲ್ಲ. ಕಾಯಿ ಬಿಟ್ಟು ಪಲ್ಯಕ್ಕಾದರೂ ಆಗುತ್ತದೆಯೇ, ಅದೂ ಇಲ್ಲ. ಇರುವುದು ಮುಳ್ಳು ಒಂದೇ. ಶಾಲೆಯಿಂದ ಓಡಿಬಂದು ಗೇಟು ತೆಗೆಯುವಾಗ ನನ್ನ ಎಷ್ಟು ಲಂಗಗಳನ್ನು ಅದು ಹರಿದಿದೆಯೋ! "ಯಾಕವ್ವ ಇದನ್ನ ಇಟ್ಕಂಡಿದೀಯ?" ಎಂದು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದೇನೆ.

"ಸುಮ್ಕಿರೇ. ಅದೇನು ನಿನ್ನ ತಟ್ಟೆಗೆ ಕೈ ಹಾಕ್ತೈತಾ?" ಅನ್ನುವುದು ಅವಳ ಉತ್ತರ. ಅದು ಉತ್ತರವೇ ಅಲ್ಲ ಎಂದು ನನಗೆ ಆಗಲೂ ಗೊತ್ತಿತ್ತು.

ಅಪ್ಪ ಎಣ್ಣೆ ಗಿರಣಿಯಲ್ಲಿ ಕೆಲಸಕ್ಕಿದ್ದವರು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ತೀರಿಕೊಂಡರು. ಗಿಡ ಬಂದದ್ದು ಅವರು ಹೋದ ಮೇಲೆ, ಅದರ ಮರುವರ್ಷವಿರಬೇಕು. ಅದಕ್ಕೆ ಮೊದಲು ಆ ಜಾಗದಲ್ಲಿ ದುಂಡುಮಲ್ಲಿಗೆಯ ಗಿಡವೊಂದಿತ್ತು, ಅದು ಏನಾಯಿತೋ ನನಗೆ ನೆನಪಿಲ್ಲ. ನೆನಪಿರುವುದು ಮಧ್ಯಾಹ್ನಗಳು. ಅವ್ವ ಮೊರ ಹಿಡಿದು ಆ ಗಿಡದ ಬುಡದಲ್ಲೇ ಕೂರುತ್ತಿದ್ದಳು. ಕಾಳು ಆರಿಸುವುದಿದ್ದರೂ ಅಲ್ಲೇ, ಶೇಂಗಾ ಸುಲಿಯುವುದಿದ್ದರೂ ಅಲ್ಲೇ, ಕೆಲಸವಿಲ್ಲದಿದ್ದರೆ ಸುಮ್ಮನೆ ಕೂರುವುದಕ್ಕೂ ಅಲ್ಲೇ. ಪಕ್ಕದಲ್ಲಿ ಬೇವಿನ ಮರದ ತಂಪು ನೆರಳಿತ್ತು, ಅಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಒಳಗೆ ಬರುವಾಗ ತಲೆಯಲ್ಲಿ ಒಣ ಹೂವಿನ ಚೂರುಗಳು ಸಿಕ್ಕಿಕೊಂಡಿರುತ್ತಿದ್ದವು. "ತಲೆ ತುಂಬ ಕಸ ಅವ್ವ" ಎಂದರೆ "ಇರ್ಲಿ ಬಿಡು, ಬಾಚ್ಕಂತೀನಿ" ಎಂದು ಒಳಗೆ ಹೋಗುತ್ತಿದ್ದಳು.

ನಾನು ಈಗ ಹೊಳಲ್ಕೆರೆಯಲ್ಲಿ ಬ್ಲೌಸ್ ಹೊಲಿಯುವವಳು. ಹೊಲಿಗೆಯವರಿಗೆ ಬಣ್ಣದ ಚಾಳಿ ಬಿಡುವುದಿಲ್ಲ, ಕಂಡದ್ದಕ್ಕೆಲ್ಲ ದಾರದ ಉಂಡೆ ಹೊಂದಿಸಿ ನೋಡುತ್ತೇವೆ. ಅವ್ವನ ಗಿಡದ್ದು ಅಪ್ಪಟ ರಾಣಿ ಬಣ್ಣ. ಗುಲಾಬಿ ಅಂದರೆ ತಪ್ಪು, ನೇರಳೆ ಅಂದರೆ ಇನ್ನೂ ತಪ್ಪು. ಹೊಸ ಧಾರೆ ಸೀರೆಯ ಅಂಚಿನಲ್ಲಿ ಕಣ್ಣು ಕುಕ್ಕುವ ಬಣ್ಣ ಇರುತ್ತದಲ್ಲ, ಅದೇ.

ಹೋದ ವರ್ಷ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವವರು ಬಂದು ಹಿರಿಯೂರಿನ ಮನೆಯ ಗೋಡೆಗೆ ಕೆಂಪು ಗೆರೆ ಎಳೆದು ಹೋದರು. ಗೆರೆ ಅಡುಗೆಮನೆಯ ನಡುವೆ ಹಾದಿತ್ತು. ಅಂದರೆ ಮನೆ ಹೋದಂತೆಯೇ ಲೆಕ್ಕ. ನಾನು ಗಾಬರಿಯಾಗಿ ಬಸ್ಸು ಹತ್ತಿ ಓಡಿದರೆ ಅವ್ವ ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. "ಮನೆ ಹೋಗ್ಲಿ. ಗಿಡದ ಗತಿ ಏನೇ?" ಎಂದಳು.

"ನಿನ್ನ ಗತಿ ಏನು ಅಂತ ಕೇಳವ್ವ ಮೊದ್ಲು!" ಎಂದು ರೇಗಿದೆ.

ಅವಳ ಗತಿಗೆ ಎರಡು ದಾರಿಗಳಿದ್ದವು. ಒಂದು ನನ್ನ ಮನೆ. ಇನ್ನೊಂದು ತಾಳ್ಯದಲ್ಲಿರುವ ಅವಳ ತಮ್ಮನ ಮನೆ. ಸೋದರಮಾವ ಒಳ್ಳೆಯವನು. ಕುರಿ, ಹೊಲ, ದೊಡ್ಡ ಮನೆ ಎಲ್ಲ ಇದೆ, ಅಕ್ಕ ಅಂದರೆ ಜೀವ. ಆದರೂ ನನಗೆ ಅವ್ವ ನನ್ನ ಮನೆಯಲ್ಲೇ ಬೇಕಿತ್ತು. ಬೆಳಗ್ಗೆ ಎದ್ದರೆ ಬೈಯುವುದಕ್ಕೆ ಒಬ್ಬರು, ನಾನು ತಿರುಗಿ ಬೈಯುವುದಕ್ಕೆ ಒಬ್ಬರು ಬೇಕಿತ್ತು. ಆದರೆ ಕೊಟ್ಟ ಮಗಳ ಮನೆಯಲ್ಲಿ ಕೂತು ಉಣ್ಣಬಾರದು ಎನ್ನುವುದು ನಮ್ಮ ಹಟ್ಟಿಯ ಹೆಂಗಸರ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿದೆ. ಅಳಿಯ ದೇವರಂಥವನಾದರೂ ಅಷ್ಟೇ. ನಾನು ಬಾ ಎಂದರೆ ಅವ್ವ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಬಟ್ಟೆಬರೆ ತುಂಬಿದ ಕಬ್ಬಿಣದ ಟ್ರಂಕನ್ನು ತಾಳ್ಯಕ್ಕೆ ಕಳಿಸಿದಳು. ಒಂದು ಕೈಚೀಲ ಹಿಡಿದು ನನ್ನ ಜೊತೆ ಹೊರಟಳು.

"ಗಿಡ ನಿನ್ನ ಮನೆಗೆ. ತಮ್ಮನ ಅಂಗಳದಾಗೆ ಇಟ್ರೆ ಕುರಿ ಒಂದು ಚಿಗುರೂ ಉಳಿಸಲ್ಲ," ಎಂದಳು. "ಅದು ನಿನ್ನ ಮಣ್ಣು ಒಪ್ಕಂಡು ಹೂ ಬಿಟ್ರೆ ನಾನೂ ಇರ್ತೀನಿ. ಬಿಡ್ಲಿಲ್ಲಾಂದ್ರೆ ಟ್ರಂಕು ಎಲ್ಲೈತೋ ನಾನೂ ಅಲ್ಲಿಗೆ."

ಆಗ ನಕ್ಕುಬಿಟ್ಟೆ. ಆಮೇಲೆ ನೋಡಿದರೆ ಅವಳ ಮುಖದಲ್ಲಿ ನಗು ಇರಲಿಲ್ಲ.

ಮೊದಲ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಗಿಡ ಕಿತ್ತೆವು. ಮಾವ ತಾಳ್ಯದಿಂದ ಹಾರೆ, ಸಲಿಕೆ ಹೊತ್ತು ಬಂದ. ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ಯಾರದೋ ಲಗೇಜ್ ಆಟೋ ಕೇಳಿ ತಂದರು. ಮೊದಲು ಕೊಂಬೆಗಳನ್ನೆಲ್ಲ ಮೊಂಡಾಗಿ ಕಡಿಯಬೇಕು, ಇಲ್ಲದಿದ್ದರೆ ಅಲುಗಿದ ಬೇರು ಅಷ್ಟು ಎಲೆಗಳನ್ನು ಸಾಕಲಾರದು. ಮಾವ ಮಚ್ಚು ಎತ್ತಿದಾಗ ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸುತ್ತ ದೂರದಿಂದ ಅಗೆದು, ಬೇರಿನ ಮಣ್ಣು ಉದುರದಂತೆ ಗೋಣಿಚೀಲ ಸುತ್ತಿ, ತೆಂಗಿನ ಹಗ್ಗದಿಂದ ಬಿಗಿದು, ಮೂರೂ ಜನ ಏದುಸಿರು ಬಿಡುತ್ತ ಆಟೋಗೆ ಎತ್ತಿದೆವು. ಉಳಿದದ್ದು ಬರೀ ಬೊಡ್ಡೆ ಮತ್ತು ನಾಲ್ಕಾರು ಮೋಟು ತುಂಡು. ಚಿತ್ರದುರ್ಗ ಹಾದು ಹೊಳಲ್ಕೆರೆ ಮುಟ್ಟುವವರೆಗೂ ಒಂದೊಂದು ಹಂಪ್ ಬಂದಾಗಲೂ ಅವ್ವ ಹಿಂದಕ್ಕೆ ತಿರುಗಿ, "ನಿಧಾನಕ್ಕೆ ಹೋಗ್ರಿ ಅಳಿಯಂದ್ರೇ" ಎನ್ನುತ್ತಿದ್ದಳು.

ಗೇಟಿನ ಬಲಕ್ಕೆ, ದಿನವಿಡೀ ಬಿಸಿಲು ಬೀಳುವ ಕಡೆ ನೆಟ್ಟೆವು. ಬಹಳ ದಿನ ಅದು ಸತ್ತ ಕಟ್ಟಿಗೆಯಂತೆಯೇ ನಿಂತಿತ್ತು. ನಾನು ಉಗುರಿನಲ್ಲಿ ತೊಗಟೆ ಕೆರೆದು ಒಳಗೆ ಹಸಿರಿದೆಯೇ ಎಂದು ನೋಡುವುದು, ಅವ್ವ "ಗಾಯ ಮಾಡಬ್ಯಾಡ್ವೇ ಅದಕ್ಕೆ" ಎಂದು ಕೈಗೆ ಹೊಡೆಯುವುದು ದಿನದ ಪಾಠವಾಯಿತು. ಕೊನೆಗೊಂದು ಬೆಳಗ್ಗೆ ಮೋಟು ತುಂಡಿನ ಪಕ್ಕದಲ್ಲಿ ಎಳ್ಳುಕಾಳಿನಷ್ಟು ಚಿಗುರು ಕಂಡಿತು. ಅವ್ವ ಅವತ್ತು ಎರಡು ಮುದ್ದೆ ಉಂಡಳು. ಸದ್ಯ, ಗೆದ್ದೆ ಅಂದುಕೊಂಡೆ.

ಅಲ್ಲಿಗೆ ಬಿಟ್ಟಿದ್ದರೆ ಸರಿ ಹೋಗುತ್ತಿತ್ತು. ಆದರೆ ನಮ್ಮದು ಕುರಿ ಸಾಕಿದ ಮನೆತನ. ಕೊಯ್ಲಾದ ಹೊಲದಲ್ಲಿ ಕುರಿಮಂದೆಯನ್ನು ಒಂದೆರಡು ರಾತ್ರಿ ತಂಗಿಸಿದರೆ, ಅವುಗಳ ಹಿಕ್ಕೆ ಗಂಜಲ ಬಿದ್ದು ಆ ನೆಲಕ್ಕೆ ಬೇರೆ ಗೊಬ್ಬರವೇ ಬೇಡ. ಊರೂರಿನ ರೈತರು ನಮ್ಮವರನ್ನು ಕರೆದು ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಹಾಗಾಗಿ ಮಣ್ಣಿನ ಯಾವ ಕಾಯಿಲೆಗೂ ನಮ್ಮವರ ಹತ್ತಿರ ಇರುವ ಮದ್ದು ಒಂದೇ. ಮಾವ ಬಂದು ಚಿಗುರು ನೋಡಿ, "ಮಣ್ಣಿಗೆ ಕಸುವಿಲ್ಲ ಕಣಕ್ಕ. ಒಂದ್ಸಲ ಮಂದೆ ನಿಲ್ಸಾಣ," ಎಂದ.

"ಮಾವ, ಇದು ಲೇಔಟು! ಹೊಲ ಅಲ್ಲ!" ಎಂದೆ.

"ಹೊಲಕ್ಕೆ ಆಗೋದು ಗಿಡಕ್ಕೆ ಆಗಲ್ವೇನೇ? ನೀ ಮಿಷಿನ್ ತುಳಿ, ಇದೆಲ್ಲ ನಮಗೆ ಬಿಡು," ಎಂದ. ಅವ್ವ ತಮ್ಮನ ಪರ ತಲೆಯಾಡಿಸಿದಳು. ಅಕ್ಕ ತಮ್ಮ ಒಂದಾದರೆ ನನ್ನ ಮಾತು ಎಲ್ಲಿ ನಡೆಯುತ್ತದೆ?

ದಸರಾ ಕಳೆದ ಮೇಲೆ ಒಂದು ಸಂಜೆ, ಹೊಳಲ್ಕೆರೆ ಕಡೆ ಮೇಯಿಸಲು ಬಂದ ಮಂದೆಯನ್ನು ಮಾವ ನೆಟ್ಟಗೆ ನಮ್ಮ ಬೀದಿಗೇ ಹೊಡೆದುಕೊಂಡು ಬಂದ. ಅಂಗಳ ತುಂಬಿತು, ಮೆಟ್ಟಿಲು ತುಂಬಿತು, ಉಳಿದವು ಬೀದಿಯಲ್ಲಿ ನಿಂತು ಬ್ಯಾ ಅಂದವು. ಗಿಡಕ್ಕೆ ಬಾಯಿ ಹಾಕದಂತೆ ಸುತ್ತ ಜಾಲಿ ಮುಳ್ಳು ಕಟ್ಟಿದ್ದೇನೋ ನಿಜ. ಎದುರು ಮನೆಯವರ ಗೇಟಿಗೆ ಯಾರು ಕಟ್ಟಿದ್ದರು? ಬ್ಯಾಂಕಿನಿಂದ ನಿವೃತ್ತರಾದ ಆ ಮೇಡಮ್ಮು ಬಾಗಿಲು ತೆಗೆಯುವಷ್ಟರಲ್ಲಿ ಅವರ ದಾಸವಾಳದ ಕುಂಡಗಳು ಬೋಳಾಗಿದ್ದವು.

"ಏನ್ರೀ ಇದು! ಮನೆ ಮುಂದೆ ಸಂತೆ ಮಾಡ್ತಿದೀರೇನ್ರೀ?" ಎಂದು ಅವರು ಕೂಗಿದರು.

"ನಿಮ್ಮ ಅಂಗಳದಾಗೂ ಒಂದಿಷ್ಟು ನಿಲ್ಲಿಸ್ಲೇನಮ್ಮ? ಒಳ್ಳೇ ಗೊಬ್ಬರ," ಎಂದ ಮಾವ, ಉಪಕಾರ ಮಾಡುವ ದನಿಯಲ್ಲಿ. ನನಗೆ ನಗು ಬಂದು, ನಾಚಿಕೆಯೂ ಬಂದು, ಒಳಗೆ ಓಡಿದೆ. ಬೆಳಗ್ಗೆ ಮಂದೆ ಹೊರಟ ಮೇಲೆ ಬೀದಿ ಉದ್ದಕ್ಕೂ ಗುಡಿಸಿ, ಹಿಕ್ಕೆಯನ್ನೆಲ್ಲ ಗಿಡದ ಬುಡಕ್ಕೇ ಸುರಿದೆವು. ಎದುರು ಮನೆಯವರು ಬಹಳ ದಿನ ನನ್ನ ಮುಖ ನೋಡಲಿಲ್ಲ.

ಗಿಡ ಮಾತ್ರ ಎದ್ದಿತು ನೋಡಿ! ಎಲೆ ಎಂದರೆ ಎಲೆ, ನನ್ನ ಅಂಗೈಯಗಲ. ಕೊಂಬೆಗಳು ಗೇಟು ದಾಟಿ ಕರೆಂಟು ಕಂಬದ ಕಡೆಗೆ ಕೈಚಾಚಿದವು. ಮಾವ ಫೋನಿನಲ್ಲಿ "ಹೆಂಗೈತೆ ನಮ್ಮ ಮದ್ದು?" ಎಂದು ಹಿಗ್ಗಿದ. ಆದರೆ ಹಿರಿಯೂರಿನಲ್ಲಿ ಸಂಕ್ರಾಂತಿ ಹೊತ್ತಿಗೆ ಬೆಂಕಿ ಹತ್ತಿದಂತೆ ಅರಳುತ್ತಿದ್ದ ಗಿಡ, ಇಲ್ಲಿ ಸಂಕ್ರಾಂತಿ ಬಂದರೂ ಒಂದು ಹೂ ಬಿಡಲಿಲ್ಲ. ಎಳ್ಳುಬೆಲ್ಲ ಮುಗಿಯಿತು, ಗಿಡ ಹಸಿರಾಗಿಯೇ ಇತ್ತು. ಅವ್ವ ಮುಂಜಾನೆ ಒಂದು ಕೊಡ, ಸಂಜೆ ಒಂದು ಕೊಡ ನೀರು ಹಾಕುತ್ತ, ಎಲೆಗಳನ್ನು ಸರಿಸಿ ಸರಿಸಿ ಹುಡುಕುತ್ತಿದ್ದಳು.

"ಒಪ್ಲಿಲ್ಲ ಕಣೇ ಇದು," ಎಂದಳು ಒಂದು ದಿನ. "ಮೈ ಬೆಳೆಸ್ಕಂತು, ಮನಸ್ಸು ಕೊಡ್ಲಿಲ್ಲ. ಯುಗಾದಿ ತನಕ ನೋಡ್ತೀನಿ. ಆಮ್ಯಾಕೆ ತಮ್ಮಂಗೆ ಬಾ ಅಂತೀನಿ."

ನನಗೆ ಹಟ ಬಂತು. ಒಂದು ಗಿಡ ಯಾಕೆ ಹೂ ಬಿಡುವುದಿಲ್ಲ? ಮನಸ್ಸು ಗಿನಸ್ಸು ಎಲ್ಲ ಆಮೇಲೆ. ಏನೋ ಒಂದು ಕಾರಣ ಇರಲೇಬೇಕು. ಬ್ಲೌಸ್ ಸರಿಯಾಗಿ ಕೂರದಿದ್ದರೆ ಬಟ್ಟೆಯನ್ನು ಬೈದು ಏನು ಬಂತು, ಹೊಲಿಗೆ ಬಿಚ್ಚಿ ಎಲ್ಲಿ ಎಡವಟ್ಟಾಗಿದೆ ನೋಡಬೇಕು.

ಆವತ್ತಿನಿಂದ ನನಗೆ ಕಾಗದದ ಹೂವಿನ ಹುಚ್ಚು ಹಿಡಿಯಿತು. ಹೊಲಿದ ಬಟ್ಟೆ ಕೊಡುವ ನೆಪದಲ್ಲಿ ಎಲ್ಲೆಲ್ಲಿ ಹೋದೆನೋ ಅಲ್ಲೆಲ್ಲ ಅದನ್ನೇ ಹುಡುಕಿದೆ. ಸಿರಿಗೆರೆಯಲ್ಲಿ ಒಂದು ಹಳೇ ಕಾಂಪೌಂಡಿನ ಮೇಲೆ, ಕಲ್ಲು ಗಾರೆ ಬಿಟ್ಟರೆ ಹಿಡಿ ಮಣ್ಣಿಲ್ಲದ ಕಡೆ, ಎಲೆಯೇ ಕಾಣದಷ್ಟು ಹೂ. ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗಿಯರನ್ನು "ಇದಕ್ಕೆ ನೀರು ಯಾರು ಹಾಕ್ತಾರೆ?" ಎಂದು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಭೀಮಸಮುದ್ರದಲ್ಲಿ ನಮ್ಮ ಮನೆಯವರ ಧಣಿಗಳ ತೋಟದ ಬಾಗಿಲಲ್ಲಿ ಇನ್ನೊಂದಿತ್ತು. ಅಡಿಕೆಗೆ ಹೋಗುವ ನೀರಿನ ಪೈಪು ಅದರ ಬುಡದಲ್ಲೇ ಹನಿಯುತ್ತಿತ್ತು, ತಿಪ್ಪೆಗೊಬ್ಬರವೂ ಬಿದ್ದಿತ್ತು. ಅದು ಬೆಳೆದು ಬೆಳೆದು ತಂತಿ ಬೇಲಿಯನ್ನೇ ಬಗ್ಗಿಸಿತ್ತು. ಹೂ ಎಲ್ಲೋ ತುದಿಯಲ್ಲಿ ನಾಚಿಕೆಗೆ ಒಂದೆರಡು. ಇನ್ನು ಚಿತ್ರದುರ್ಗ, ಹಿರಿಯೂರು ನಡುವಿನ ಹೆದ್ದಾರಿ. ನಡುವಿನ ಪಟ್ಟಿಯಲ್ಲಿ ಲಾರಿಗಳ ಹೊಗೆ ಕುಡಿದು, ಯಾವಾಗಲೋ ಬರುವ ಟ್ಯಾಂಕರಿಗೆ ಕಾದು ನಿಂತ ಗಿಡಗಳೆಲ್ಲ ರಾಣಿ, ಕಿತ್ತಳೆ, ಬಿಳಿ ಎಂದು ಉರಿಯುತ್ತಿದ್ದವು. ಅದೇ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೆ, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ.

ಅಯ್ಯೋ ಇದರ ಮನೆ ಕಾಯ! ಉಪವಾಸ ಬಿದ್ದದ್ದು ಹೂ ಬಿಡುತ್ತದೆ, ಹೊಟ್ಟೆ ತುಂಬಿದ್ದು ಎಲೆ ಬಿಡುತ್ತದೆ. ನಾವು ಗಿಡಕ್ಕೆ ಹಬ್ಬದೂಟ ಹಾಕಿ ಕೆಡಿಸಿದ್ದೆವು.

ಸಿರಿಗೆರೆಯಿಂದ ಒಂದು ಗೊಂಚಲು ಕಿತ್ತು ತಂದಿದ್ದೆ. ಮಿಷಿನ್ ಮೇಲೆ ಬಿಳಿ ಬಟ್ಟೆ ಹಾಸಿ, ಸೂಜಿ ತುದಿಯಲ್ಲಿ ಬಿಡಿಸಿ ನೋಡಿದೆ. ಬಣ್ಣದ ಮೂರು ಪಕಳೆ. ಪ್ರತಿಯೊಂದರ ನಡುವೆ ನರ, ನರದಿಂದ ಕವಲೊಡೆದ ಸಣ್ಣ ನರ, ಥೇಟ್ ಎಲೆಯಂತೆ. ಗಿಡದ ಎಲೆ ಪಕ್ಕದಲ್ಲಿಟ್ಟರೆ ಅದೇ ಆಕಾರ, ಅದೇ ಚೂಪು ತುದಿ. ಒಂದೊಂದು ಪಕಳೆಗೂ ಅಂಟಿಕೊಂಡು ತೆಳ್ಳನೆಯ ಕೊಳವೆ, ಅದರ ಬಾಯಲ್ಲಿ ಸಾಸಿವೆಯಷ್ಟು ಬಿಳಿ ನಕ್ಷತ್ರ. ಮೊಬೈಲಿನಲ್ಲಿ ಹುಡುಕಿದೆ. ನಾನು ಕಂಡದ್ದು ಸರಿಯಿತ್ತು. ಆ ಬಿಳಿ ಚುಕ್ಕೆಯೇ ಹೂ. ಬಣ್ಣದ್ದೆಲ್ಲ ಎಲೆ, ಹೂ ಬರುವ ಹೊತ್ತಿಗೆ ಬಣ್ಣ ಕಟ್ಟಿಕೊಂಡ ಎಲೆ.

"ಅವ್ವಾ, ಇಷ್ಟು ವರ್ಷ ನೀನು ಹೂವು ಅನ್ಕಂಡಿದ್ದು ಹೂವೇ ಅಲ್ಲ. ಎಲೆ!" ಎಂದು ಕೂಗಿ ತೋರಿಸಿದೆ.

ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಎಲೆನಾ?" ಎಂದಳು. ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡುತ್ತ ಮತ್ತೆ, "ನಿಜವಾಗ್ಲೂ ಎಲೆನೇನೇ ಅದು?" ಎಂದು ಕೇಳಿದಳು. ಇದರಲ್ಲಿ ಅಷ್ಟು ಯೋಚಿಸುವುದೇನಿದೆ ಎಂದು ನನಗೆ ಆಶ್ಚರ್ಯ.

ಮಾರನೇ ದಿನ ಬುಡದ ಹಿಕ್ಕೆಯನ್ನೆಲ್ಲ ಬಾಚಿ ತೆಗೆದು ಎದುರು ಮನೆಯ ದಾಸವಾಳಕ್ಕೆ ಕೊಟ್ಟು ರಾಜಿಯಾದೆ. ಉದ್ದ ಕೊಂಬೆಗಳ ತುದಿ ಚಿವುಟಿದೆ. ನೀರು ನಿಲ್ಲಿಸಿದೆ. ಅದಕ್ಕೆ ಶುರುವಾಯಿತು ನೋಡಿ ಮನೆಯಲ್ಲಿ ಕುರುಕ್ಷೇತ್ರ.

"ಬಾಯಿಲ್ಲದ ಜೀವಕ್ಕೆ ನೀರು ತಪ್ಪಿಸ್ತೀಯಲ್ಲೇ, ನಿಂಗೇನು ಬಂದೈತೆ ಕೇಡುಗಾಲ?" ಎಂದು ಅವ್ವ ಕಿರುಚಾಡಿದಳು. ಹಿರಿಯೂರಿನಲ್ಲಿ ನೀರು ಹಾಕುತ್ತಿದ್ದೆಯಾ ಎಂದು ಕೇಳಿದೆ. "ಅಲ್ಲಿ ನಮಗೇ ಇರಲಿಲ್ಲ, ಅದಕ್ಕೆಲ್ಲಿ ಹಾಕ್ಲಿ," ಎಂದಳು. "ಅದಕ್ಕೇ ಹೂ ಬಿಡ್ತಿತ್ತು!" ಎಂದೆ. ನಂಬಲಿಲ್ಲ. ಇರುವಾಗ ಕೊಡದಿರುವುದು ಅವಳಿಗೆ ಗೊತ್ತೇ ಇಲ್ಲದ ವಿದ್ಯೆ. ನಾನು ಮಿಷಿನ್ ಮುಂದೆ ಕೂತಾಗ ಸೆರಗಿನ ಮರೆಯಲ್ಲಿ ಚೊಂಬು ಹಿಡಿದು ಹೊರಗೆ ಹೋಗುತ್ತಿದ್ದಳು. ಒಂದು ಸಲ ಹಿಡಿದುಹಾಕಿದೆ. "ಕೈ ತೊಳ್ಕಂಡೆ, ಅಲ್ಲಿ ಬಿತ್ತು," ಎಂದಳು. ಚೊಂಬು ಕಸಿದುಕೊಂಡೆ. "ನಾಳೆ ನಂಗೂ ನೀರು ನಿಲ್ಸೋಳೇ ನೀನು," ಎಂದು ಒಳಗೆ ಹೋದವಳು ನನ್ನ ಜೊತೆ ಮಾತು ಬಿಟ್ಟಳು.

ಗಿಡ ಸೊರಗಿತು. ದೊಡ್ಡ ಎಲೆಗಳು ಹಳದಿಯಾಗಿ ಉದುರಿದವು. ನನಗೂ ಒಳಗೊಳಗೇ ಹೆದರಿಕೆ. ಕೊಂದೇಬಿಟ್ಟೆನೇನೋ? ಮಾವ ಫೋನು ಮಾಡಿ, "ಅಕ್ಕನ ಕೋಣೆಗೆ ಸುಣ್ಣ ಹೊಡ್ಸೀನಿ. ಯುಗಾದಿ ಆದ ಮ್ಯಾಲೆ ಕರ್ಕಂಡು ಹೋಗಾಣ ಅಂತ," ಎಂದ. ಫೋನಿಟ್ಟು ಅತ್ತೆ. ಒಂದು ಗಿಡದ ಹಟಕ್ಕೆ ಅವ್ವನನ್ನು ಕಳೆದುಕೊಳ್ಳುವುದೇ ಎಂದು ಚೊಂಬು ತುಂಬಿಕೊಂಡು ಗಿಡದ ತನಕ ಹೋಗಿದ್ದೂ ಉಂಟು. ತುದಿ ಚಿವುಟಿದ ಕಡೆಯಲ್ಲಿ ಹೊಸ ಕುಡಿಗಳಿದ್ದವು. ಕಂದುಗೆಂಪು. ಕಾಗದದ ಹೂವಿನ ಎಳೇ ಎಲೆಯೂ ಹಾಗೆಯೇ ಕೆಂಪಗಿರುತ್ತದೆ. ಇದು ಯಾವುದು? ಚೊಂಬನ್ನು ಕೆಳಗಿಟ್ಟು ಒಳಗಿನಿಂದ ರಾಣಿ ದಾರದ ಉಂಡೆ ತಂದು ಪಕ್ಕ ಹಿಡಿದೆ. ಹೊಂದಲಿಲ್ಲ. ನೀರು ಹಾಕದೆ ವಾಪಸು ಬಂದೆ. ಮಾರನೇ ದಿನ ಮತ್ತೆ ಹಿಡಿದೆ. ಹಾಗೇ ದಿನಾ.

ಒಂದು ಬೆಳಗ್ಗೆ ದಾರ ಹಿಡಿದು ಹೋದರೆ ಅವ್ವ ಆಗಲೇ ಅಲ್ಲಿ ನಿಂತಿದ್ದಳು. ನನ್ನನ್ನು ಕಂಡು ಬೇಲಿ ನೋಡುವವಳಂತೆ ಆ ಕಡೆ ತಿರುಗಿದಳು. ನಾನು ಕುಡಿಗೆ ದಾರ ಹಿಡಿದೆ. ದಾರ ಎಲ್ಲಿ ಮುಗಿಯಿತು, ಕುಡಿ ಎಲ್ಲಿ ಶುರುವಾಯಿತು ತಿಳಿಯಲಿಲ್ಲ.

"ಅವ್ವಾ!" ಎಂದೆ.

"ನಂಗೇನು ಕಣ್ಣಿಲ್ವಾ? ನಿನ್ನೆನೇ ನೋಡೀನಿ," ಎಂದಳು. ಮಾತು ಬಿಟ್ಟ ಮೇಲೆ ನನಗೆ ಅವಳಾಡಿದ ಮೊದಲ ಮಾತು ಅದು.

ಯುಗಾದಿಗೆ ಗೇಟು ಪೂರ್ತಿ ರಾಣಿ ಬಣ್ಣ. ಬೇವಿನ ಸೊಪ್ಪು ಕಟ್ಟಲು ಜಾಗ ಹುಡುಕಬೇಕಾಯಿತು. ನಾನು ಕುಣಿಯುವುದೊಂದು ಬಾಕಿ. "ಸರಿಯಾಯ್ತಲ್ಲ? ಇನ್ನ ಟ್ರಂಕು ತರಿಸ್ಲಾ?" ಎಂದೆ. ಅವ್ವ ಗಿಡ ನೋಡುತ್ತ, "ಬಿಟ್ಟಿದ್ದಾಯ್ತು. ಉದುರ್ಲಿ, ಆಮ್ಯಾಕೆ ನೋಡಾಣ," ಎಂದಳು. ಉದುರುವುದೇ? ಹೂ ಬಿಡಲಿ ಎಂದು ಹರಕೆ ಹೊತ್ತವರನ್ನು ಕಂಡಿದ್ದೇನೆ, ಉದುರಲಿ ಎಂದು ಕಾಯುವವರನ್ನು ಎಲ್ಲಾದರೂ ಕಂಡಿದ್ದೀರಾ? ಕರೆಯಲು ಬಂದ ಮಾವನಿಗೂ ಅದೇ ಮಾತು, "ಇನ್ನೊಂದಿಷ್ಟು ದಿನ ತಡಿಯಪ್ಪ." ಅವನು ಹೋಳಿಗೆ ಉಂಡು ಬರಿಗೈಲಿ ವಾಪಸು ಹೋದ.

ಬಿಸಿಲು ಏರಿತು. ಮೇ ತಿಂಗಳ ಒಂದು ಮಧ್ಯಾಹ್ನ ಗಾಳಿ ಎದ್ದು, ಬಣ್ಣ ಮಾಸಿದ ಪಕಳೆಗಳು ಅಂಗಳದ ತುಂಬ ಸರಸರ ಓಡಾಡಿದವು. ನಾನು ಕಿಟಕಿಯ ಪಕ್ಕದಲ್ಲಿ ಹೊಲಿಯುತ್ತಿದ್ದೆ. ಅವ್ವ ಮೊರದಲ್ಲಿ ಹೆಸರುಕಾಳು ಹಾಕಿಕೊಂಡು ಹೊರಗೆ ಬಂದಳು. ನನ್ನ ಮನೆಗೆ ಬಂದಾಗಿನಿಂದ ಅವಳು ಆ ಗಿಡದ ಕೆಳಗೆ ಕೂತಿರಲಿಲ್ಲ. ಅವತ್ತು ಚಾಪೆ ಹಾಸಿ ಕೂತಳು. ಕಾಳು ಆರಿಸುತ್ತಿದ್ದಂತೆ ಒಂದು ಪಕಳೆ ತೇಲಿ ಬಂದು ಅವಳ ನರೆಗೂದಲ ಗಂಟಿನ ಮೇಲೆ ಕೂತಿತು. ಹಿಂದೆಯೇ ಇನ್ನೊಂದು. ಅವ್ವ ಕೈ ಎತ್ತಲಿಲ್ಲ, ತಲೆ ಅಲ್ಲಾಡಿಸಲಿಲ್ಲ. ಕಾಳು ಆರಿಸುವ ಕೈಯೂ ನಿಂತಿತ್ತು.

ಮಿಷಿನ್ ಬಿಟ್ಟು ಎದ್ದು ಹೋಗಿ ಪಕ್ಕದಲ್ಲಿ ಕೂತೆ. "ಈಗಲಾದ್ರೂ ಹೇಳವ್ವ. ಯಾಕೆ ಈ ಗಿಡ?" ಎಂದೆ.

ಮೊರದೊಳಗೆ ನೋಡುತ್ತಲೇ ಹೇಳಿದಳು. "ನಿಮ್ಮಪ್ಪ ಹೋದ ಮ್ಯಾಲೆ ಮಲ್ಲಿಗೆ ಗಿಡಕ್ಕೆ ನಾನೇ ನೀರು ಹಾಕ್ತಿದ್ದೆ. ಸಾಯಂಕಾಲ ಓಣಿ ಹೆಂಗಸ್ರು ಮೊಗ್ಗಿಗೆ ಬರೋರು. ನಾ ಬಿಡಿಸಿ ಕೊಟ್ರೆ ಬ್ಯಾಡ ಅನ್ನೋರು, ತಾವೇ ಗಿಡದಿಂದ ಬಿಡಿಸ್ಕಂಡು ಹೋಗೋರು. ನಾ ನೀರು ಹಾಕಿದ್ದು ಆಗ್ತಿತ್ತು, ನನ್ನ ಕೈ ಆಗ್ತಿರ್ಲಿಲ್ಲ. ಒಂದಿನ ಸಿಟ್ಟು ಬಂದು ಕಿತ್ತು ಬಿಸಾಕ್ದೆ. ಯಾರೂ ಕೇಳ್ದೇ ಇರೋ ಹೂ ಯಾವುದೈತೆ ಅಂತ ಯೋಚ್ನೆ ಮಾಡಿ ಇದನ್ನ ತಂದು ಇಟ್ಟೆ."

"ಅಷ್ಟೇನಾ?"

"ಅಷ್ಟೇ ಆಗಿತ್ತು. ಒಂದಿನ ಇದರ ಕೆಳಗೆ ಕುಂತಿದ್ದೆ. ಒಂದು ಉದುರಿ ತಲೆ ಮ್ಯಾಲೆ ಬಿತ್ತು. ತೆಗೀಲಿಲ್ಲ. ನಾನಾಗಿ ಮುಡ್ಕಂಡಿದ್ದಲ್ಲವಲ್ಲ, ತಾನಾಗಿ ಬಿದ್ದಿದ್ದು. ಓಣಿಯೋರು ನೋಡಿದ್ರು, ಕಸ ಅನ್ಕಂಡ್ರು." ಮೊರದಿಂದ ತಲೆ ಎತ್ತಿ, "ನೀನೂ ಹಂಗೇ ಅಂತಿದ್ದೆ," ಎಂದು ನಕ್ಕಳು. "ನಿನ್ನ ಮನೇಲೂ ಹಂಗೇ ಬೀಳ್ತೈತಾ, ಇಲ್ಲಿ ಜನ ಏನಂತಾರೆ, ನೋಡಾಣ ಅಂತಿದ್ದೆ ಕಣೇ."

ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಆ ಓಣಿಯ ಮೇಲೆ, ಆ ಹೆಂಗಸರ ಮೇಲೆ, ನಮ್ಮ ಹಟ್ಟಿಯ ಮೇಲೆ, ಎಲ್ಲರ ಮೇಲೂ. ಅಷ್ಟರಲ್ಲಿ ಗೇಟು ಕಿರ್ರೆಂದಿತು. ಎದುರು ಮನೆಯ ಮೇಡಮ್ಮು ತಟ್ಟೆಯಲ್ಲಿ ಮಾವಿನಹಣ್ಣು ಹಿಡಿದು ಒಳಗೆ ಬರುತ್ತಿದ್ದರು. ಅವರ ಜಡೆಯಲ್ಲಿ ಮೊಳ ಮಲ್ಲಿಗೆ. ಅವ್ವನ ಕೈ ಚಕ್ಕನ ತಲೆಗೆ ಹೋಯಿತು, ಪಕಳೆ ಕೊಡವಿಹಾಕಲು. ಆ ಕೈಯನ್ನು ಹಿಡಿದುಕೊಂಡೆ.

"ಇರ್ಲಿ ಬಿಡವ್ವ. ಅದು ಹೂವಲ್ಲ, ಎಲೆ," ಎಂದೆ, ಬೀದಿಗೆಲ್ಲ ಕೇಳುವಂತೆ.

ಎದ್ದು, ಕೈಗೆ ಮುಳ್ಳು ಚುಚ್ಚಿದರೂ ಬಿಡದೆ, ಇನ್ನೂ ಬಣ್ಣ ಆರದ ಒಂದು ದೊಡ್ಡ ಗೊಂಚಲು ಮುರಿದೆ. ನನ್ನ ತಲೆಯಿಂದ ಪಿನ್ನು ಕಿತ್ತು ಅವ್ವನ ಗಂಟಿಗೆ ಸಿಕ್ಕಿಸಿದೆ. "ಎಲೆ ಮುಡಿಸೋಕೆ ಯಾರಪ್ಪನ ಅಪ್ಪಣೆ ಬೇಕು?" ಎಂದೆ.

ಮೇಡಮ್ಮು ಅವ್ವನ ತಲೆ ನೋಡಿದರು, ನನ್ನ ಮುಖ ನೋಡಿದರು. ತಟ್ಟೆಯನ್ನು ಅವ್ವನ ಮುಂದಿಟ್ಟು ಚಾಪೆಯ ತುದಿಯಲ್ಲಿ ಕೂತರು. "ಸ್ವಲ್ಪ ಓರೆಯಾಗಿದೆ," ಎಂದು ಕೈ ಚಾಚಿ, ಪಿನ್ನು ತೆಗೆದು, ನೆಟ್ಟಗೆ ಮಾಡಿ ಮತ್ತೆ ಸಿಕ್ಕಿಸಿದರು.

ಅವ್ವ ಕತ್ತು ಅಲ್ಲಾಡಿಸದೆ ಬಹಳ ಹೊತ್ತು ಕೂತಿದ್ದಳು. ಅವರು ಹೋದ ಮೇಲೆ ಮೊರವನ್ನು ಮಡಿಲಿಗೆ ಎಳೆದುಕೊಂಡು, ಕಲ್ಲೊಂದನ್ನು ಆರಿಸಿ ಬಿಸಾಡಿ, "ಮಾವಂಗೆ ಫೋನ್ ಮಾಡು," ಎಂದಳು. "ಟ್ರಂಕು ಕಳಿಸ್ಲಿ. ಅದರಾಗೆ ನನ್ನ ಕನ್ನಡಿ ಐತೆ."